ಬಂದೂಕಿನ ಬೋರು ಮತ್ತು ಗುರಿಯ ಆಟ

ನಮ್ಮ ಟಿಕೋಟಾ, ಬಬಲೇಶ್ವರದ ಕಡೆಗೆ 'ಬೋರು' ಎಂದರೆ ಕೊಳವೆಬಾವಿ. ಎಷ್ಟು ಇಂಚಿನ ಬೋರು, ಎಷ್ಟು ಫೂಟು ಇಳಿಯಿತು, ಎಷ್ಟು ನೀರು ಬಿತ್ತು ಎಂಬ ಲೆಕ್ಕ ದ್ರಾಕ್ಷಿಯ ತೋಟವಿದ್ದವರಿಗೆಲ್ಲ ಬಾಯಿಪಾಠ. ಬೋರಿನ ಬಾಯಿ ಅಗಲವಾದ ಮಾತ್ರಕ್ಕೆ ನೀರು ಹೆಚ್ಚು ಬೀಳುವದಿಲ್ಲವೆಂಬದನ್ನೂ ಅವರು ಹಣ ಕಳೆದುಕೊಂಡೇ ಕಲಿತಿದ್ದಾರೆ. ಆದರೆ ಇದೇ ಶಬ್ದ ಬಂದೂಕಿನ ವಿಷಯದಲ್ಲಿ ಬಂದಾಗ ಅದೇ ಜನ ಈ ಜಾಣತನವನ್ನು ಮರೆತುಬಿಡುತ್ತಾರೆ. ಬಂದೂಕಿನ ಬೋರೆಂದರೆ ನಳಿಗೆಯ ಒಳಬಾಯಿಯ ಅಗಲ. ರೈಫಲಿನ ಮಾತು ಬಂದಾಗ ಅದನ್ನೇ ಕ್ಯಾಲಿಬರ್ ಎನ್ನುವರು. ಅದು ದೊಡ್ಡದಿದ್ದಷ್ಟೂ ಬಂದೂಕು ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ.

ಈ ನಂಬಿಕೆಗೆ ವಿಜಯಪುರದ ಕೋಟೆಯ ಮೇಲೆಯೇ ಉತ್ತರವುಂಟು. ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ ತೋಪನ್ನು ನೋಡದ ವಾಚಕರು ಇರಲಿಕ್ಕಿಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ಉದ್ದ ಸುಮಾರು 14 ಫೂಟು, ಬಾಯಿಯ ಒಳವ್ಯಾಸ ಸುಮಾರು 28 ಇಂಚು. ಅಲ್ಲಿಂದ ಕೂಗಳತೆಯಲ್ಲಿ 1584ರ ಉಪ್ಪಲಿ ಬುರುಜು ಇದೆ. ಅದರ ಮೇಲಿನ ಉದ್ದನ್ನ ತೋಪು 30 ಫೂಟಿಗೂ ಮಿಕ್ಕಿದ್ದು, ಬೋರು ಮಾತ್ರ 12 ಇಂಚು. ಪ್ರವಾಸಿಗರು ಮೊದಲನೆಯದರ ಬಾಯೊಳಗೆ ತಲೆಯಿಟ್ಟು ಬೆರಗಾಗುತ್ತಾರೆ, ಎರಡನೆಯದನ್ನು ನೋಡಿ ಇಳಿದು ಹೋಗುತ್ತಾರೆ. ಆದರೆ ತೋಪು ಹೊಯ್ಯುವವನು ಬೆರಗುಗೊಳಿಸಲು ಹೊಯ್ದದ್ದಲ್ಲ. ಗುಂಡು ಎಷ್ಟು ತೂಕದ್ದು, ಎಷ್ಟು ದೂರಕ್ಕೆ ಹೋಗಬೇಕು ಎಂಬ ಲೆಕ್ಕದ ಮೇಲೆ ಒಂದನ್ನು ಅಗಲ, ಇನ್ನೊಂದನ್ನು ಉದ್ದ ಮಾಡಿದನು. ಕೈಯಲ್ಲಿ ಹಿಡಿಯುವ ಬಂದೂಕಿಗೂ ಇದೇ ಲೆಕ್ಕ.

ಈ ವಿಚಾರವನ್ನು ನಾನು ಓದತೊಡಗಿದ್ದು ಒಂದು ನಿಮಿತ್ತದಿಂದ. ಕಳೆದ ವರ್ಷ ಒಣದ್ರಾಕ್ಷಿ ಮಾರಿ ಕೈಯಲ್ಲಿ ನಾಲ್ಕು ಕಾಸು ಉಳಿದಾಗ ಟಿಕೋಟಾದ ನಮ್ಮ ಕಾಕಾನಿಗೆ ರೈಫಲ್ ಕೊಳ್ಳುವ ಆಸೆಯಾಯಿತು. "ಬ್ಯಾಟಿ ಆಡಾಕಲ್ಲೋ ತಮ್ಮಾ. ರವಿವಾರಕ್ಕೊಮ್ಮೆ ತ್ವಾಟದಾಗ ಡಬ್ಬಿ ಇಟ್ಟು ಗುರಿ ಹೊಡಿಯೂದು, ಅಷ್ಟ. ಇಂಗ್ಲಿಷ್ ಸಿನಿಮಾದಾಗ ಕುದುರಿ ಮ್ಯಾಲ ಕುಂತವ್ರು ಕೆಳಗಿನ ಹಿಡಿಕಿ ಜಗ್ಗಿ ಜಗ್ಗಿ ಹೊಡಿತಾರಲ್ಲ, ಅಂಥಾದ್ದು ಬೇಕು. ನೀ ಓದಿದಾಂವ, ನೋಡಿ ಹೇಳಪಾ" ಎಂದನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಪಿಂಚಣಿಯ ಅರ್ಜಿಯಿಂದ ಹಿಡಿದು ಬಂದೂಕಿನವರೆಗೆ ಎಲ್ಲ ಪ್ರಶ್ನೆಗಳೂ ನನ್ನ ಕಡೆಗೇ ಬರುತ್ತವೆ. ಹಣವಾದರೋ ಬೋರಿನ ಹೊಸ ಮೋಟರಿಗೆಂದು ತೆಗೆದಿಟ್ಟದ್ದು. ಚಿಗವ್ವನು, ಮನೆಯಲ್ಲಿ ಬಂದೂಕು ಬಂದ ದಿನ ತಾನು ತವರಿಗೆ ಹೋಗುವದಾಗಿ ಹೇಳಿದ್ದಳು. ಅವಳ ಅಂಜಿಕೆಗೆ ಕಾರಣವೂ ಉಂಟು. ಭೀಮಾ ತೀರದ ಹಗೆತನಗಳು ಮತ್ತು ನಾಡಪಿಸ್ತೂಲುಗಳಿಂದಾಗಿ ನಮ್ಮ ಜಿಲ್ಲೆಯಲ್ಲಿ ಬಂದೂಕೆಂಬ ಶಬ್ದ ಕೇಳಿದೊಡನೆ ಮನೆಯ ಹೆಣ್ಣುಮಕ್ಕಳು ಆಟವನ್ನು ನೆನೆಯುವದಿಲ್ಲ, ಹೆಣವನ್ನು ನೆನೆಯುತ್ತಾರೆ. ಆದ್ದರಿಂದ ನಾನು ಕೊಡುವ ಉತ್ತರ ಸರಿಯಾಗಿರಲೇಬೇಕಿತ್ತು.

ಕಾಕಾ ಬಯಸಿದ್ದು ಲಿವರ್ ರೈಫಲ್. ಅದರ ಯಂತ್ರ ನೋಡಲು ಚೆಂದ, ತಿಳಿಯಲು ಸುಲಭ. ಟ್ರಿಗರಿನ ಸುತ್ತಲಿನ ಕಬ್ಬಿಣದ ಬಳೆಯನ್ನೇ ಹಿಂದಕ್ಕೆ ಬೆಳೆಸಿ, ಬೆರಳು ತೂರಿಸುವ ಹಿಡಿಕೆ ಮಾಡಿರುತ್ತಾರೆ. ಅದನ್ನು ಕೆಳಗೆ ಮುಂದಕ್ಕೆ ದೂಡಿದರೆ ನಳಿಗೆಯ ಹಿಂಬಾಗಿಲು ತೆರೆದು ಸುಟ್ಟ ತೋಟಾದ ಚಿಪ್ಪು ಹೊರಗೆ ಹಾರುತ್ತದೆ, ಬಡಿಯುವ ಸುತ್ತಿಗೆ ಹಿಂದಕ್ಕೆ ಮಣಿಯುತ್ತದೆ. ಮತ್ತೆ ಮೇಲಕ್ಕೆ ಎಳೆದುಕೊಂಡರೆ ಹೊಸ ತೋಟಾ ನಳಿಗೆಯೊಳಗೆ ಕೂತು ಬಾಗಿಲು ಮುಚ್ಚುತ್ತದೆ. ನಮ್ಮ ಊರ ಹ್ಯಾಂಡಪಂಪಿನ ಹಾಗೆ ಕೆಳಗೊಮ್ಮೆ, ಮೇಲೊಮ್ಮೆ. ಬಂದೂಕನ್ನು ಹೆಗಲಿನಿಂದ ಇಳಿಸದೆಯೇ ಇಷ್ಟೆಲ್ಲ ಆಗುವದರಿಂದ ಬೇಗ ಬೇಗ ಹೊಡೆಯಲು ಬರುತ್ತದೆ. ಅಮೇರಿಕೆಯಲ್ಲಿ 1860ರ ಹೆನ್ರಿ ರೈಫಲು, ಅದರ ಬೆನ್ನಿಗೆ ವಿಂಚೆಸ್ಟರ್ ಕಂಪನಿಯ 1866 ಮತ್ತು 1873ರ ಮಾದರಿಗಳು ಇದೇ ಗುಣದಿಂದ ಹೆಸರಾದವು. ಮುಂದೆ ಜಾನ್ ಬ್ರೌನಿಂಗ್ ಎಂಬ ಕುಶಲಕರ್ಮಿಯು ಅದೇ ಕಂಪನಿಗಾಗಿ 1894ರ ಮಾದರಿಯನ್ನು ರಚಿಸಿದನು. ಮರುವರ್ಷ ಹೊಗೆಯಿಲ್ಲದ ಮದ್ದಿನ .30-30 ತೋಟಾ ಬಂದ ಮೇಲೆ ಅದು ಅಲ್ಲಿಯ ರೈತರ ಮನೆಮನೆಯ ಬಂದೂಕಾಯಿತು.

ಈ ಚೆಂದದ ಯಂತ್ರಕ್ಕೆ ಒಂದು ತೊಡಕಿದೆ. ಸಾಮಾನ್ಯವಾಗಿ ತೋಟಾಗಳು ನಳಿಗೆಯ ಕೆಳಗಿನ ಒಂದು ಕೊಳವೆಯಲ್ಲಿ, ರೇಲ್ವೆ ಡಬ್ಬಿಗಳಂತೆ ಒಂದರ ಹಿಂದೊಂದು ಕೂತಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಬೆನ್ನಿಗೆ ತಾಗುತ್ತದೆ. ಬೆನ್ನಿನ ನಡುವೆಯೇ ಕಿಡಿ ಹೊತ್ತಿಸುವ ಟೋಪಿ ಇರುವದರಿಂದ ಚೂಪು ಮೂತಿಯ ಗುಂಡು ಹಾಕಿದರೆ ಒದೆತದ ಧಕ್ಕೆಗೆ ಕೊಳವೆಯೊಳಗೇ ಹೊತ್ತಿಕೊಳ್ಳುವ ಅಪಾಯವುಂಟು. ಆದ್ದರಿಂದ ಚಪ್ಪಟೆ ಮೂತಿಯ ಗುಂಡನ್ನೇ ಹಾಕಬೇಕು. ಚಪ್ಪಟೆ ಗುಂಡಿಗೆ ಗಾಳಿಯ ತಡೆ ಹೆಚ್ಚು. ದೂರ ಹೋದಂತೆ ವೇಗ ಬಲುಬೇಗ ಕುಗ್ಗುತ್ತದೆ. ಇದನ್ನು ತಪ್ಪಿಸಲೆಂದೇ ಬ್ರೌನಿಂಗನು 1895ರ ಮಾದರಿಗೆ ಕೊಳವೆಯ ಬದಲು ಹೊಟ್ಟೆಯ ಕೆಳಗೆ ಪೆಟ್ಟಿಗೆ ಇಟ್ಟನು. ತೋಟಾಗಳು ರೊಟ್ಟಿಯಂತೆ ಒಂದರ ಮೇಲೊಂದು ಕೂತವು. ಇದೇ ಮಾದರಿಗೆ 1904ರಲ್ಲಿ .405 ಎಂಬ ದೊಡ್ಡ ತೋಟಾ ಬಂದಿತು.

ಕನ್ನಡ ವಾಚಕರಿಗೆ ಈ .405 ಅಪರಿಚಿತವಲ್ಲ. ಬೆಂಗಳೂರಿನ ಬೇಟೆಗಾರ-ಲೇಖಕ ಕೆನೆತ್ ಆಂಡರ್ಸನ್ನರ (1910–1974) ಕೈಯಲ್ಲಿದ್ದದ್ದು ಇದೇ ವಿಂಚೆಸ್ಟರು. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದ ಆಂಡರ್ಸನ್ನರ ಅನುಭವಗಳನ್ನು ನಮ್ಮಲ್ಲಿ ಓದದವರು ಕಡಿಮೆ. ನರಭಕ್ಷಕ ಹುಲಿಯೆದುರು ಹತ್ತಿಪ್ಪತ್ತು ಗಜದಲ್ಲಿ ನಿಂತವನಿಗೆ 19 ಗ್ರಾಮಿನ ಭಾರವಾದ ಗುಂಡೂ ಬೇಕು, ಕಣ್ಣೆವೆಯಿಕ್ಕುವದರೊಳಗೆ ಎರಡನೆಯ ಗುಂಡೂ ಬೇಕು. ಎರಡನ್ನೂ ಆ ರೈಫಲು ಕೊಟ್ಟಿತು. ಅದರ ಆಯ್ಕೆ ಸರಿಯಾದದ್ದು ಆ ಕೆಲಸಕ್ಕಾಗಿ. ಹುಲಿಯಿಲ್ಲದ ಟಿಕೋಟಾದಲ್ಲಿ ಡಾಲ್ಡಾ ಡಬ್ಬಿಗೆ ಹೊಡೆಯಲು ಅದನ್ನು ಬಯಸಿದರೆ, ಕುಂಟೆ ಹೊಡೆಯಲು ಆನೆ ಹೂಡಿದಂತಾದೀತು. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯ ಹವ್ಯಾಸಕ್ಕೆ ಈ ದೇಶದಲ್ಲಿ ಎಡೆಯೇ ಇಲ್ಲ. ನಮ್ಮ ಎರೆಹೊಲಗಳ ಚಿಗರಿ, ನವಿಲುಗಳೂ ಆ ಕಾಯಿದೆಯ ನೆರಳಿನಲ್ಲಿವೆ. ಉಳಿದದ್ದು ಕಾಗದದ ಗುರಿಯೊಂದೇ.

ಹಾಗಾದರೆ ಲಿವರ್ ರೈಫಲು ನಮ್ಮ ಕಡೆ ಏಕೆ ಕಾಣುವದಿಲ್ಲ? ಇದಕ್ಕೆ ಯಂತ್ರಕ್ಕಿಂತ ಇತಿಹಾಸವೇ ಹೆಚ್ಚಿನ ಉತ್ತರ ಕೊಡುತ್ತದೆ. 1857ರಲ್ಲಿ ಇಂಗ್ಲಿಷರು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ತಂದಾಗ, ಆಗ ಮುಧೋಳ ಸಂಸ್ಥಾನದಲ್ಲಿದ್ದ ಹಲಗಲಿಯ ಬೇಡರು ಆಯುಧ ಕೊಡಲೊಲ್ಲದೆ ಅದೇ ನವೆಂಬರಿನಲ್ಲಿ ಕಾದಿದ್ದು, ಗಲ್ಲಿಗೇರಿದ್ದು ನಮ್ಮ ಭಾಗದ ಲಾವಣಿಗಳಲ್ಲಿ ಇಂದಿಗೂ ಉಳಿದಿದೆ. ಮುಂದೆ 1878ರ ಶಸ್ತ್ರ ಕಾಯಿದೆಯಿಂದ ಪರವಾನಿಗೆಯ ಪದ್ಧತಿ ಬಿಗಿಯಾಯಿತು. ಇಂಗ್ಲಿಷರ ಭಯವು ಕ್ಯಾಲಿಬರಿನ ಮೇಲೂ ತನ್ನ ಗುರುತು ಬಿಟ್ಟಿದೆ. ಸೈನ್ಯದ ತೋಟಾ ಜನರ ಬಂದೂಕಿಗೆ ಕೂಡಬಾರದು ಎಂಬದು ಅವರ ಧೋರಣೆ. ಹಳೆಯ ಮಾರ್ಟಿನಿ ರೈಫಲುಗಳಿಗೆ ಉಪಯೋಗವಾದೀತೆಂದು 1907ರ ಸುಮಾರಿಗೆ .450 ಬೋರನ್ನು ಹಿಂದುಸ್ಥಾನದೊಳಗೆ ತರಗೊಡಲಿಲ್ಲ. ಕೂಡಲೆ ಲಂಡನ್ನಿನ ಬಂದೂಕಿನ ಕಂಪನಿಗಳು.465, .470, .475 ಎಂದು ಕೂದಲೆಳೆಯ ಅಂತರದಲ್ಲಿ ಹೊಸ ಬೋರುಗಳನ್ನು ಹುಟ್ಟಿಸಿದವು. ಕಾಯಿದೆಯೂ ಉಳಿಯಿತು, ವ್ಯಾಪಾರವೂ ಉಳಿಯಿತು! ಸೈನ್ಯದ .303 ಜನರಿಗೆ ನಿಷಿದ್ಧವಾದ್ದರಿಂದಲೇ ಅದರ ಜಾಗದಲ್ಲಿ .315 ಬಳಕೆಗೆ ಬಂತು. ಇಶಾಪುರದ ಸರಕಾರಿ ರೈಫಲ್ ಕಾರಖಾನೆ ತಯಾರಿಸಿದ .315 ಸ್ಪೋರ್ಟಿಂಗ್ ರೈಫಲು ಸೈನ್ಯದ ಲೀ-ಎನ್‌ಫೀಲ್ಡಿನ ತಮ್ಮನೇ ಸರಿ. ಅದರ ಯಂತ್ರ ಲಿವರಲ್ಲ, ಬೋಲ್ಟು: ಕದದ ಅಗಳಿಯಂತೆ ಎತ್ತಿ ಹಿಂದಕ್ಕೆ ಜಗ್ಗಿ, ಮುಂದಕ್ಕೆ ದೂಡಿ ಮಡಚುವದು.

ಈಗ ನಡೆಯುತ್ತಿರುವದು 1959ರ ಶಸ್ತ್ರ ಕಾಯಿದೆ ಮತ್ತು 2016ರ ನಿಯಮಗಳು. ಸಾಮಾನ್ಯರು ಪರದೇಶದಿಂದ ಬಂದೂಕು ತರಿಸುವದು 1980ರ ದಶಕದಿಂದ ನಿಂತಿದೆ. ಹೆಸರು ಮಾಡಿದ ಕ್ರೀಡಾಪಟುಗಳಿಗೆ ಮಾತ್ರ ಆ ಸವಲತ್ತು. ಆದ್ದರಿಂದ ಕಾಕಾನ ಕನಸಿನ ಲಿವರ್ ರೈಫಲು ಸಿಕ್ಕರೂ ಯಾರದೋ ಅಜ್ಜನ ಕಾಲದ್ದು ಕೈಬದಲಾಗಿ ಸಿಗಬೇಕು. ಅದಕ್ಕೆ ತೋಟಾ ಹುಡುಕುವದು ಅದಕ್ಕಿಂತ ಕಠಿಣ. ತೋಟಾ ಸಿಗದ ಬಂದೂಕು, ಬಿಡಿಭಾಗ ಸಿಗದ ಮೋಟರಿನಂತೆ, ಗೋಡೆಯ ಶೋಭೆಗೆ ಸರಿ. ಕೊಡವರ ಮಾತು ಬೇರೆ. ಅವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಿಗೆಯಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಕೈಲ್ ಪೊಳ್ದಿನಲ್ಲಿ ಕೋವಿಯನ್ನು ಪೂಜಿಸಿ ತೆಂಗಿನಕಾಯಿಗೆ ಗುರಿಯಿಡುವ ಅವರ ಆಟವನ್ನು ಕಂಡು ನಮಗೆ ಹೊಟ್ಟೆಕಿಚ್ಚಾದರೆ ತಪ್ಪಲ್ಲ.

ಇನ್ನು ಅಂಕಿಗಳ ಒಗಟನ್ನು ಬಿಡಿಸೋಣ. .22 ಎಂದರೆ ಒಂದು ಇಂಚಿನ ನೂರರಲ್ಲಿ 22 ಪಾಲು ಅಗಲ, .315 ಎಂದರೆ ಸಾವಿರದಲ್ಲಿ 315 ಪಾಲು. ಈ ಹೆಸರುಗಳನ್ನು ಕಂಪನಿಗಳು ಸ್ವಲ್ಪ ಹಿಗ್ಗಿಸಿ ಕುಗ್ಗಿಸಿ ಇಡುವದುಂಟು. .30-06ರ 06 ಅದು ಹುಟ್ಟಿದ 1906ನೆಯ ಇಸವಿ; .30-30ರ ಎರಡನೆಯ 30 ಮದ್ದಿನ ತೂಕ. ಛರ್ರೆ ಬಂದೂಕಿನ ಲೆಕ್ಕವಂತೂ ತಿರುವುಮುರುವು. ಒಂದು ಪೌಂಡ್ ಸೀಸದಿಂದ ಸರಿಸಮನಾದ 12 ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆಯೇ 12 ಬೋರು. ಅಂದರೆ ಸುಮಾರು 18½ ಮಿಲಿಮೀಟರ್. ಉಂಡೆಗಳ ಸಂಖ್ಯೆ ಹೆಚ್ಚಿದಂತೆ ಉಂಡೆ ಸಣ್ಣದಾಗುವದರಿಂದ 20 ಬೋರು 12ಕ್ಕಿಂತ ಕಿರಿದು.

ಆದರೆ ಅಗಲ ಅರ್ಧ ಕಥೆ ಮಾತ್ರ. ಗುಂಡಿನ ತೂಕ ಮತ್ತು ವೇಗ ಕೂಡಿ ಅದರ ಶಕ್ತಿಯಾಗುತ್ತದೆ. ಅದರಲ್ಲಿಯೂ ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಜೂಲ್ ಎಂಬ ಅಳತೆ ಕಾಕಾನಿಗೆ ಹೇಗೆ ತಿಳಿದೀತೆಂದು ನಾನು ಚೀಲದ ಲೆಕ್ಕ ಮಾಡಿದೆ. ಸ್ಪರ್ಧೆಯ ಏರ್ ರೈಫಲಿನ ಅರ್ಧ ಗ್ರಾಮಿನ ಛರ್ರೆಗೆ ಸುಮಾರು 8 ಜೂಲ್ ಶಕ್ತಿ. ಒಂದು ಕ್ವಿಂಟಲ್ ಜೋಳದ ಚೀಲವನ್ನು ನೆಲದಿಂದ ಒಂದು ಸೆಂಟಿಮೀಟರ್ ಎತ್ತಲೂ ಅದು ಸಾಲದು. .22ರ 2.6 ಗ್ರಾಮಿನ ಗುಂಡು ಸೆಕೆಂಡಿಗೆ 330 ಮೀಟರಿನಂತೆ ಹೊರಡುತ್ತದೆ, ಶಕ್ತಿ ಸುಮಾರು 140 ಜೂಲ್. ಅದೇ ಚೀಲ ಒಂದು ಗೇಣಿಗೂ ಕಡಿಮೆ ಏಳುತ್ತದೆ. .315ರ ಗುಂಡು ಅದನ್ನು ಸುಮಾರು 3 ಮೀಟರ್, ಅಂದರೆ ಮನೆಯ ಮಾಳಿಗೆಗೆ ಎತ್ತೀತು. ಆಂಡರ್ಸನ್ನರ .405 ಮಾಳಿಗೆಯನ್ನೂ ದಾಟಿಸೀತು. "ಡಬ್ಬಿ ಬೀಳಸಾಕ ಚೀಲ ಮಾಳಿಗಿಗೆ ಹೊರಬೇಕೇನು ಕಾಕಾ?" ಎಂದು ಕೇಳಿದೆ. "ಬೀಳೂದಲ್ಲಪಾ, ಸಪ್ಪಳ ಆಗಬೇಕು" ಎಂದನು. ಮನುಷ್ಯನ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಕಾಗದದಲ್ಲಿ ತೂತು ಮಾಡಿ ಮಿಕ್ಕ ಶಕ್ತಿ ಎಲ್ಲಿಗೆ ಹೋಗುವದು? ನಮ್ಮ ನೆಲಕ್ಕೆ ಇದೇ ಮುಖ್ಯ ಪ್ರಶ್ನೆ. ಡೋಣಿ ನದಿಯ ಬಯಲು ಅಂಗೈಯಂತೆ ಸಮತಟ್ಟು. ಗುಂಡನ್ನು ತಡೆಯುವ ಗುಡ್ಡವಿಲ್ಲ, ದಟ್ಟ ಮರಗಳಿಲ್ಲ. ಸಣ್ಣದೆಂದು ನಾವು ತಾತ್ಸಾರ ಮಾಡುವ .22 ಗುಂಡೇ ಮೇಲ್ಮುಖವಾಗಿ ಹೋದರೆ ಒಂದೂವರೆ ಕಿಲೋಮೀಟರ್ ಹಾರಬಲ್ಲದು; .315 ಇನ್ನೂ ಎಷ್ಟೋ ದೂರ. ಬಬಲೇಶ್ವರದ ಹಾದಿಯ ಹೊಲದಲ್ಲಿ ಕೂತು ಹೊಡೆದ ಗುಂಡು ಕಾಣದ ಕಡೆಗೆ ಹೋಗಿ, ಅಟ್ಟದ ಮೇಲೆ ಕವಣೆ ಬೀಸಿ ಹಕ್ಕಿ ಓಡಿಸುತ್ತಿರುವವನ ಎದೆಗೆ ಬಡಿದರೆ ಹೊಡೆದವನಿಗೆ ಸುದ್ದಿ ಕೂಡ ತಿಳಿಯಲಿಕ್ಕಿಲ್ಲ. ಗಟ್ಟಿ ನೆಲ, ಕಲ್ಲು, ನೀರಿನ ಮೇಲೆ ಬಿದ್ದ ಗುಂಡು ಪುಟಿದು ದಿಕ್ಕು ಬದಲಿಸುವದೂ ಉಂಟು. ಆದ್ದರಿಂದಲೇ ಗುರಿಯ ಮೈದಾನಕ್ಕೆ ಹಿಂದೆ ಎತ್ತರದ ಮಣ್ಣಿನ ಒಡ್ಡು ಬೇಕೇ ಬೇಕು. ಸಂತೋಷಕ್ಕೆಂದು ಮದುವೆಯ ಮೆರವಣಿಗೆಯಲ್ಲಿ ಗಾಳಿಯಲ್ಲಿ ಹಾರಿಸುವವರಿಗೆ 2019ರ ತಿದ್ದುಪಡಿಯು ಎರಡು ವರ್ಷದವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡನ್ನೂ ಇಟ್ಟಿದೆ. ನನ್ನ ಮಟ್ಟಿಗೆ ಇದು ಕಡಿಮೆಯೇ.

ಹೀಗೆ ನೆಲ, ದೂರ, ಗುರಿ ಮೂರನ್ನೂ ಮೊದಲು ನೋಡಿದರೆ ಬೋರು ತಾನಾಗಿ ಕೆಳಗಿಳಿಯುತ್ತದೆ. ಎನ್.ಸಿ.ಸಿ.ಯಲ್ಲಿ ನಮಗೆ ಕೊಡುವದು .22 ಡೀಲಕ್ಸ್ ರೈಫಲು, ದೂರ 25 ಗಜ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಹೊಡೆಯಬೇಕು. ಲಿವರಿನ ಇನ್ನೊಂದು ದೋಷ ನನಗೆ ಹೊಳೆದದ್ದು ಅಲ್ಲಿಯೇ. ಮಲಗಿದವನ ಬಂದೂಕು ನೆಲಕ್ಕೆ ಹತ್ತಿರ; ಹಿಡಿಕೆಯನ್ನು ಕೆಳಗೆ ದೂಡಲು ಜಾಗವೇ ಇರುವದಿಲ್ಲ. ಪ್ರತಿ ಸಲ ಬಂದೂಕನ್ನು ಓರೆ ಮಾಡಬೇಕು, ಓರೆ ಮಾಡಿದರೆ ಹೆಗಲಿನ ಹಿಡಿತ ಕೆಡುತ್ತದೆ. ಅಗಳಿಯ ಯಂತ್ರಕ್ಕೆ ಈ ತೊಂದರೆಯಿಲ್ಲ. ಲಿವರು ಕುದುರೆ ಸವಾರನಿಗೆ ಹುಟ್ಟಿದ್ದು, ಮಲಗಿದವನಿಗಲ್ಲ. .22ರಲ್ಲಿಯೂ ಲಿವರ್ ರೈಫಲುಗಳುಂಟು, ಮಾರ್ಲಿನ್ ಕಂಪನಿಯದು 1891ರಿಂದ ಹೆಸರಾದದ್ದು. ಈ ತೋಟಾದ ಕಿಡಿಮದ್ದು ನಡುವೆ ಇರದೆ ಅಂಚಿನಲ್ಲಿರುವದರಿಂದ ಕೊಳವೆಯಲ್ಲಿ ಹೊತ್ತುವ ಭಯವೂ ಅದಕ್ಕಿಲ್ಲ. ನಿಂತು ಆಡುವ ವಿನೋದಕ್ಕೆ ಲಿವರೇ ಬೇಕೆಂದರೆ ನಾನು ಆರಿಸುವದು ಅದನ್ನೇ, ಆದರೆ ಮೊದಲೇ ಹೇಳಿದಂತೆ ಅದು ಇಲ್ಲಿ ಸಿಗುವದು ದುರ್ಲಭ.

ಗುರಿಯ ಅಭ್ಯಾಸದಲ್ಲಿ ಮೊದಲು ನೋಡುವದು ನಡುವಿನ ಚುಕ್ಕೆಯನ್ನಲ್ಲ, ಗುಂಪನ್ನು. ಐದು ಗುಂಡು ಹೊಡೆದಾಗ ಒಂದು ನಟ್ಟನಡುವೆ, ನಾಲ್ಕು ದಿಕ್ಕುಪಾಲಾದರೆ ಅದು ದೈವ. ಐದೂ ಮೂಲೆಯಲ್ಲಿ ಒಂದು ರೂಪಾಯಿಯ ನಾಣ್ಯದಡಿ ಮುಚ್ಚುವಂತೆ ಬಿದ್ದರೆ ಅದು ಕೈ. ಕಣ್ಣಳತೆಯ ತಿರುಪನ್ನು ಎರಡು ಸುತ್ತು ತಿರುವಿದರೆ ಆ ಗುಂಪು ನಡುವಿಗೆ ಬರುತ್ತದೆ. ದೊಡ್ಡ ಬೋರಿನಿಂದ ಕಲಿಯುವವನಿಗೆ ಈ ಗುಂಪು ಬರುವದು ಕಷ್ಟ. ಸಪ್ಪಳಕ್ಕೆ ಮತ್ತು ಹೆಗಲಿನ ಒದೆತಕ್ಕೆ ಮೈ ಮೊದಲೇ ಅಳುಕಿ, ಟ್ರಿಗರ್ ಎಳೆಯುವ ಗಳಿಗೆಗೆ ಕಣ್ಣು ಮುಚ್ಚುತ್ತದೆ. ಮೇಲಾಗಿ ಒಂದು .315 ತೋಟಾದ ಬೆಲೆಯಲ್ಲಿ .22ರ ಎಷ್ಟೋ ಗುಂಡು ಹೊಡೆಯಬಹುದು. ಕಲಿಯುವದು ಎಣಿಕೆಯಿಂದಲೇ ಹೊರತು ಗಾತ್ರದಿಂದಲ್ಲ. ಒಲಿಂಪಿಕ್ ರೈಫಲ್ ಪಂದ್ಯಗಳಲ್ಲಿಯೂ ಇಂದು .22ಕ್ಕಿಂತ ದೊಡ್ಡ ಬೋರಿಲ್ಲ. ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದದ್ದು 50 ಮೀಟರಿನ .22 ಪಂದ್ಯದಲ್ಲಿ, ಅಲ್ಲಿ ಹತ್ತು ಅಂಕದ ವರ್ತುಲ ಕಡಲೆಕಾಳಿನಷ್ಟು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ ಬಿಂದ್ರಾ ದೇಶಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದದ್ದು ಅದಕ್ಕಿಂತ ಸಣ್ಣ .177 ಏರ್ ರೈಫಲಿನಿಂದ. 10 ಮೀಟರ್ ದೂರದ ಅದರ ಗುರಿಯ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್, ಸಾಸಿವೆಗಿಂತ ಸಣ್ಣದು.

ಕಾಕಾನ ಮುಂದೆ ಎರಡು ದಾರಿ ಇಟ್ಟೆ. .22 ರೈಫಲಿಗೆ ಜಿಲ್ಲಾಧಿಕಾರಿಗಳ ಪರವಾನಿಗೆ ಬೇಕು; ಅದಕ್ಕೆ 21 ವರ್ಷ ತುಂಬಿರಬೇಕು (ಆದ್ದರಿಂದ ನನಗೇ ಇನ್ನೂ ಇಲ್ಲ), ಪೊಲೀಸರ ವಿಚಾರಣೆಯಾಗಬೇಕು, ಸುರಕ್ಷಿತ ಬಳಕೆಯ ತರಬೇತಿಯ ಪ್ರಮಾಣಪತ್ರ ಬೇಕು, ಕೀಲಿಯ ಕಪಾಟು ಬೇಕು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರುವ ಕೆಲಸ ಬೇರೆ. ಇದೆಲ್ಲ ಆದ ಮೇಲೂ ಹೊಡೆಯಬೇಕಾದದ್ದು ತೋಟದಲ್ಲಲ್ಲ, ಅನುಮತಿಯುಳ್ಳ ಮೈದಾನದಲ್ಲಿ. ಎರಡನೆಯದು .177 ಬೋರಿನ, 20 ಜೂಲ್ ಮೀರದ ಏರ್ ರೈಫಲು. 2016ರ ನಿಯಮಗಳ ಪ್ರಕಾರ ಇದಕ್ಕೆ ಪರವಾನಿಗೆಯ ಅವಶ್ಯಕತೆಯಿಲ್ಲ. ಗುರುತಿನ ಚೀಟಿ ತೋರಿಸಿ ಕೊಳ್ಳಬಹುದು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಪುಗ್ಗಾ ಒಡೆಯುವ ಬಂದೂಕಿನ ಜಾತಿಯದೇ ಇದು ಎಂದಾಗ ಕಾಕಾನ ಮುಖ ಸಣ್ಣದಾಯಿತು. ಆದರೆ ಬೆಲೆ ಕೇಳಿ ಮೋಟರಿನ ಹಣ ಮುಕ್ಕಾಲು ಪಾಲಿಗಿಂತ ಹೆಚ್ಚು ಉಳಿಯುವದೆಂದು ತಿಳಿದ ಮೇಲೆ ಮಾತು ಮುಂದುವರಿಯಿತು. ಚಿಗವ್ವನೂ ತವರಿನ ಮಾತು ಎತ್ತಲಿಲ್ಲ. ಈಗ ಉಗ್ರಾಣದ ಒಳಗೆ, ಕದ ಮುಚ್ಚಿ, ಹತ್ತು ಮೀಟರ್ ಅಳೆದು, ಕೊನೆಗೆ ಮಣ್ಣು ತುಂಬಿದ ಚೀಲಗಳನ್ನು ಆಳೆತ್ತರ ಒಟ್ಟಿದ್ದಾರೆ. ಏರ್ ರೈಫಲು ಆಟಿಗೆಯಲ್ಲ. ಕಣ್ಣು ತೆಗೆಯಲು ಅದರ ಛರ್ರೆ ಸಾಕು. ಆದ್ದರಿಂದ ಕಾಕಾನ ಮಗಳು ಹೊಡೆಯುವಾಗ ಉಳಿದವರೆಲ್ಲ ಅವಳ ಬೆನ್ನ ಹಿಂದೆ ನಿಲ್ಲಬೇಕೆಂಬ ಕಟ್ಟಳೆ ಇದೆ. ಅವಳ ಗುಂಪು ತಂದೆಯದಕ್ಕಿಂತ ಚಿಕ್ಕದು.

ಕೊಳ್ಳುವವರಿಗೆ ಇನ್ನೊಂದು ಸೂಚನೆ. ಅಂಗಡಿಯವರು ಚೂಪು ಮೂತಿಯ ಛರ್ರೆ ಜೋರಾಗಿ ಹೋಗುತ್ತದೆಂದು ಅದನ್ನೇ ಮುಂದಿಡುವದುಂಟು. ಗುರಿಯ ಆಟಕ್ಕೆ ಚಪ್ಪಟೆ ಮೂತಿಯದನ್ನೇ ಕೇಳಿ ತೆಗೆದುಕೊಳ್ಳಬೇಕು. ಚೂಪಿನದು ಕಾಗದವನ್ನು ಹರಿಯುತ್ತದೆ; ಚಪ್ಪಟೆಯದು ಪಂಚಿಂಗ್ ಯಂತ್ರದಂತೆ ದುಂಡಗೆ ಕತ್ತರಿಸುವದರಿಂದ ಅಂಕ ಎಣಿಸುವಾಗ ಅಪ್ಪ ಮಗಳ ನಡುವೆ ವಾದ ಏಳುವದಿಲ್ಲ.